ಶಾಹೀನ್ ಆಂಟಿಯ ಎರಡು ಬಾಗಿಲು

ಮಂಗಳವಾರ, ಮಾರ್ಚ್ 14, ಬೆಳಿಗ್ಗೆ 9.05. ಕೌಂಟರಿನ ಮೇಲೆ ಧಡ್ ಎಂದು ಸದ್ದಾಯಿತು.

ತಲೆ ಎತ್ತಿದೆ. ಎದುರಿಗೆ ಕಂದು ಸ್ಕಾರ್ಫಿನ ಆಂಟಿಯೊಬ್ಬರು. ಕೌಂಟರಿನ ಮೇಲೆ ಹಳೆಯ ಟವೆಲಿನಲ್ಲಿ ಸುತ್ತಿದ ಏನೋ ಒಂದು ಭಾರ. ಅವರು ಟವೆಲ್ ಬಿಚ್ಚಿದರು. ಒಳಗೆ ಫಳಫಳ ಹೊಳೆಯುವ ಹಿತ್ತಾಳೆ ಬೋರ್ಡು! ಮೇಲಿನ ಸಾಲು ಕನ್ನಡದಲ್ಲಿ: ಮಹಿಳೆಯರು. ಕೆಳಗಿನ ಸಾಲು ಇಂಗ್ಲಿಷಿನಲ್ಲಿ: ಲೇಡೀಸ್. ಸುತ್ತ ಬಳ್ಳಿ, ಬಳ್ಳಿಯ ತುಂಬ ಹೂವು.

"ಇದನ್ನು ಹಾಕಬಾರದು ಎಂದು ಯಾರು ಹೇಳಿದ್ದು?" ಎಂದು ಆಂಟಿ ತಡವರಿಸುತ್ತ ಇಂಗ್ಲಿಷಿನಲ್ಲಿ ಕೇಳಿದರು.

"ನಾನೇ ಆಂಟಿ" ಎಂದೆ ಕನ್ನಡದಲ್ಲಿ. "ನಿನ್ನೆ ಈಮೇಲ್ ಕಳಿಸಿದವಳು ನಾನೇ."

ಆಂಟಿಯ ಮುಖ ಅರಳಿತು. ನನ್ನ ಮೇಲಿನ ಪ್ರೀತಿಯಿಂದ ಅಂದುಕೊಂಡರೆ ತಪ್ಪು.

"ಕನ್ನಡದವಳಾ? ಒಳ್ಳೇದಾತು ಬಿಡು. ಇಂಗ್ಲಿಷ್‌ನಾಗೆ ಜಗಳ ಆಡಾಕೆ ನಂಗೆ ಬರಲ್ಲ."

ಹೊಸ ಓದುಗರಿಗಾಗಿ ಒಂದೆರಡು ಸಾಲು. ನಾನು ದಕ್ಷಿಣ ಆಕ್ಲೆಂಡಿನ ಒಂದು ಸಾರ್ವಜನಿಕ ಕಚೇರಿಯ ಲೈಸೆನ್ಸ್ ಕೌಂಟರಿನಲ್ಲಿ ಕೂರುತ್ತೇನೆ. ಹೋಟೆಲ್, ಬೇಕರಿ, ಸಲೂನ್, ಏನು ತೆರೆಯಬೇಕಾದರೂ ಜನ ನಂಬರ್ ಚೀಟಿ ಹಿಡಿದು ನನ್ನ ಎದುರಿಗೇ ಬರಬೇಕು. (ದೊಡ್ಡ ಅಧಿಕಾರ ಎಂದುಕೊಳ್ಳಬೇಡಿ. ಅರ್ಜಿ ತೆಗೆದುಕೊಳ್ಳುವುದು, ಓದುವುದು, ಬಿಟ್ಟುಹೋದದ್ದನ್ನು ಹೇಳುವುದು. ಅಪ್ಪಣೆ ಕೊಡುವವರೆಲ್ಲ ಮೇಲಿನ ಮಹಡಿಯಲ್ಲಿದ್ದಾರೆ.)

ಈ ವರ್ಷ ನಮ್ಮ ಕಚೇರಿ ಹೊಸ ಸೂಚನೆಯೊಂದನ್ನು ಹೊರಡಿಸಿತು. ನಿಮ್ಮ ಅಂಗಡಿಯಲ್ಲಿ ಒಬ್ಬರೇ ಹೋಗಿ ಚಿಲಕ ಹಾಕಿಕೊಳ್ಳುವಂಥ ಟಾಯ್ಲೆಟ್ ಕೋಣೆ ಇದೆಯಾ? ಹಾಗಿದ್ದರೆ ಅದರ ಬಾಗಿಲ ಮೇಲೆ ಗಂಡು, ಹೆಣ್ಣು ಎಂದು ಬರೆಯಬೇಡಿ. ಯಾರು ಬೇಕಾದರೂ ಹೋಗಲಿ. ಒಳಗೆ ಏನಿದೆ ಎಂಬುದನ್ನು ಬೋರ್ಡು ಹೇಳಿದರೆ ಸಾಕು. ಸಾಲಾಗಿ ಹಲವು ಕೋಣೆಗಳಿರುವ ದೊಡ್ಡ ಟಾಯ್ಲೆಟ್ಟುಗಳಿಗೆ ಇದು ಅನ್ವಯಿಸದು. ಇಷ್ಟೇ ಸೂಚನೆ. ಅರ್ಜಿ ಹಾಕುವ ಪ್ರತಿಯೊಬ್ಬರಿಗೂ ಇದನ್ನು ಮೊದಲೇ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು.

ನನಗಂತೂ ಖುಷಿಯೋ ಖುಷಿ! ಕೆಲಸಕ್ಕೆ ಸೇರಿದಾಗಿನಿಂದ ಹಳೆಯ ನಿಯಮಗಳನ್ನೇ ಗಿಳಿಪಾಠ ಒಪ್ಪಿಸುತ್ತಿದ್ದವಳಿಗೆ ಮೊದಲ ಬಾರಿ ಹೊಚ್ಚ ಹೊಸ ವಿಷಯ ಸಿಕ್ಕಿತ್ತು. ಭಾರತದ ಅಂಗಡಿಯವರೇ ಹೆಚ್ಚು ಬರುವ ಕೌಂಟರ್ ಇದು, ನಮ್ಮವರಿಗಾಗಿ ಕನ್ನಡದಲ್ಲೂ ಒಂದು ಹಾಳೆ ಮಾಡಿಬಿಡುತ್ತೇನೆ ಎಂದು ಸ್ವಂತ ಉಮೇದಿನಲ್ಲಿ ಕೂತೆ. ಮೊದಲ ಕರಡಿನಲ್ಲಿ 'ಸರ್ವಲಿಂಗ ಶೌಚಾಲಯ' ಎಂದು ಬರೆದೆ. ಓದಿ ನೋಡಿದರೆ ಯಾವುದೋ ಯಾತ್ರಾಸ್ಥಳದ ಹೆಸರಿನಂತಿತ್ತು. ಹೊಡೆದುಹಾಕಿ 'ಎಲ್ಲರ ಟಾಯ್ಲೆಟ್' ಎಂದು ಬರೆದೆ.

ನನ್ನ ಅಭ್ಯಾಸ ನಿಮಗೆ ಗೊತ್ತೇ ಇದೆ, ಎಲ್ಲಕ್ಕೂ ಲೆಕ್ಕ ಇಡಬೇಕು. ಮೊದಲ ವಾರದ ಲೆಕ್ಕ ಹೀಗಿತ್ತು: ಕೇಳಿ ನಕ್ಕವರು ಆರು ಜನ, ಯಾಕೆ ಎಂದವರು ಒಂಬತ್ತು, ಇದಕ್ಕೂ ಫೀಸ್ ಕಟ್ಟಬೇಕಾ ಎಂದವರು ಎಲ್ಲರೂ.

ಪಕ್ಕದ ಮೇಜಿನಲ್ಲಿ ಅಲೆಕ್ಸ್ ಇದ್ದಾರೆ. ಇಂಗ್ಲಿಷ್ ಹಾಳೆಯನ್ನು ಬರೆದವರು ಅವರೇ. ತಾವು ಗಂಡೂ ಅಲ್ಲ, ಹೆಣ್ಣೂ ಅಲ್ಲ ಎನ್ನುತ್ತಾರೆ ಅಲೆಕ್ಸ್. (ಕನ್ನಡದಲ್ಲಿ ಎಷ್ಟು ಸಲೀಸು ನೋಡಿ. 'ಅವರು' ಎಂದರೆ ಮುಗಿಯಿತು.) ಮಾತು ಕಡಿಮೆ, ಕೆಲಸ ಹೆಚ್ಚು. ದಿನಕ್ಕೆ ಒಂದೆರಡು ಸಲ ಎದ್ದು ರಸ್ತೆಯಾಚೆಗಿನ ಲೈಬ್ರರಿಗೆ ಹೋಗಿಬರುತ್ತಾರೆ. ಮಳೆ ಬಂದರೂ ಬಿಡುವುದಿಲ್ಲ, ಛತ್ರಿ ಹಿಡಿದು ಹೋಗುತ್ತಾರೆ. ಎಂಥ ಪುಸ್ತಕಪ್ರೇಮ ಎಂದುಕೊಂಡಿದ್ದೆ.

ಈಗ ಹಿತ್ತಾಳೆ ಬೋರ್ಡಿಗೆ ಬರೋಣ.

ಆಂಟಿಯ ಹೆಸರು ಶಾಹೀನ್. ಊರು ದಾವಣಗೆರೆ. ಗಂಡ ರಫೀಕ್ ಅಂಕಲ್ ಜೊತೆ ಸೇರಿ ಪಾಪಟೊಯ್‌ಟೊಯ್ ಬಡಾವಣೆಯ ಮುಖ್ಯರಸ್ತೆಯಲ್ಲಿ ಬೆಣ್ಣೆದೋಸೆ ಅಂಗಡಿ ತೆರೆಯುವವರಿದ್ದರು. ಮಾರ್ಚ್ 25ರ ಶನಿವಾರ ಓಪನಿಂಗ್ ಎಂದು ಊರಿಗೆಲ್ಲ ಹೇಳಿಯಾಗಿತ್ತು. ದೋಸೆಕಲ್ಲು ಕೂರಿಸಿಯಾಗಿತ್ತು. ಬಾಕಿ ಇದ್ದದ್ದು ಲೈಸೆನ್ಸ್ ಮಾತ್ರ. ಅಂಗಡಿಯ ಹಿಂಭಾಗದಲ್ಲಿ ಎರಡು ಟಾಯ್ಲೆಟ್ ಕೋಣೆ, ಎರಡೂ ಒಬ್ಬೊಬ್ಬರಿಗಾಗುವಂಥದ್ದು. ನಕ್ಷೆಯಲ್ಲಿ ಒಂದಕ್ಕೆ ಲೇಡೀಸ್, ಒಂದಕ್ಕೆ ಜೆಂಟ್ಸ್ ಎಂದು ಬರೆದಿದ್ದರು. ಅದನ್ನು ಬದಲಾಯಿಸಿ ಎಂದು ನಾನು ಈಮೇಲ್ ಕಳಿಸಿದ್ದೆ.

"ನಮ್ಮಣ್ಣ ದಾವಣಗೆರೆಯಾಗೆ ಮಾಡಿಸಿ ಕೊಟ್ಟಿದ್ದು ಬೇಟಾ. ಸೂಟ್‌ಕೇಸ್‌ನಾಗೆ ಬಟ್ಟೆ ಬಿಟ್ಟು ಇದನ್ನ ತಂದೀನಿ. ಇಲ್ಲಿ ಏರ್‌ಪೋರ್ಟ್‌ನಾಗೆ ಬಿಚ್ಚಿ ತೋರ್ಸು ಅಂದ್ರು. ತೋರಿಸ್ದೆ. ಆ ಆಫೀಸರ್ ಬ್ಯೂಟಿಫುಲ್ ಅಂದ. ನೀನು ನೋಡಿದ್ರೆ ಬ್ಯಾಡ ಅಂತೀಯ."

"ಬೋರ್ಡು ಚೆನ್ನಾಗಿದೆ ಆಂಟಿ. ಗಂಡಸರಿಗೂ ಒಂದು ಇದೆಯಾ?"

"ಅವರಿಗೆ ಪ್ಲಾಸ್ಟಿಕ್ಕು."

ನಾನು ನಗು ತಡೆದುಕೊಂಡು ಹಾಳೆ ಕೊಟ್ಟೆ. ಆಂಟಿ ಓದಲೇ ಇಲ್ಲ. ಮಡಿಚಿ ಬೋರ್ಡಿನ ಕೆಳಗಿಟ್ಟರು.

"ಗಂಡಸ್ರು ಹೋಗಿಬಂದ ಬಾತ್ರೂಮಿಗೆ ಯಾವ ಹೆಂಗಸು ಹೋಗ್ತಾಳೆ ಹೇಳು? ನಮ್ಮ ಕಡೆ ಅಜ್ಜಿದೀರು ಹೋಗ್ತಾರಾ? ನಿಮ್ಮ ತಾಯಿ ಹೋಗ್ತಾರಾ?"

"ಮನೇಲಿ ಎಲ್ಲರೂ ಒಂದೇ ಬಾತ್ರೂಮಿಗೆ ತಾನೇ ಆಂಟಿ ಹೋಗೋದು? ಅಲ್ಲೇನು ಬೋರ್ಡ್ ಹಾಕಿರ್ತೀವಾ?"

"ಮನೆ ಗಂಡಸ್ರನ್ನ ಬೈಬೋದು ಬೇಟಾ. ಗಿರಾಕಿನ ಬೈಯಾಕಾಗ್ತದಾ?"

ನಾನು ಹಾಳೆಯನ್ನು ಬೋರ್ಡಿನ ಕೆಳಗಿನಿಂದ ಎಳೆದು ಮತ್ತೆ ಅವರ ಮುಂದಿಟ್ಟೆ.

"ಈ ಬೋರ್ಡು ಇರಂಗಿಲ್ಲ ಅಂದ್ರೆ ನಂಗೆ ಲೈಸೆನ್ಸೇ ಬ್ಯಾಡ" ಎಂದರು ಆಂಟಿ. ಧ್ವನಿ ಏರಲಿಲ್ಲ, ಅದೇ ನನ್ನನ್ನು ಹೆದರಿಸಿತು. ಕಿರುಚುವವರು ಹತ್ತು ನಿಮಿಷದಲ್ಲಿ ಸಮಾಧಾನವಾಗುತ್ತಾರೆ. ಮೆಲ್ಲಗೆ ಹೇಳುವವರು ಹೇಳಿದ್ದನ್ನು ಮಾಡಿಬಿಡುತ್ತಾರೆ. ಆಮೇಲೆ ಅವರು ಬೋರ್ಡನ್ನು ಟವೆಲಿನಲ್ಲಿ ಸುತ್ತುತ್ತ, "ನಿಮ್ಮ ಟಾಯ್ಲೆಟ್ ಎಲ್ಲೈತೆ?" ಎಂದು ಕೇಳಿದರು. ತೋರಿಸಿದೆ. ಹೋಗಿಬಂದರು. ಬಂದವರ ಮುಖದಲ್ಲಿ ಗೆದ್ದ ಕಳೆ!

"ನಿಮ್ಮ ಆಫೀಸ್‌ನಾಗೇ ಒಂದು ಬಾಗಿಲಿಗೆ ಲೇಡೀಸ್, ಒಂದಕ್ಕೆ ಜೆಂಟ್ಸ್ ಅಂತೈತಲ್ಲೇ ಬೇಟಾ! ಒಳಗೆ ನೋಡಿದ್ರೆ ಒಬ್ಬರಿಗಷ್ಟೇ ಜಾಗ. ನಮಗೆ ಮಾತ್ರ ರೂಲ್ಸಾ? ಮತ್ತೆ ಆ ಚಿಲಕ ನೋಡು, ಸಡಿಲ. ಬೋರ್ಡು ಮಾತ್ರ ಫಸ್ಟ್ ಕ್ಲಾಸು."

ಹೋಗಿಯೇಬಿಟ್ಟರು.

ನಾನು ಎದ್ದು ಹೋಗಿ ನೋಡಿದೆ. ಹೌದು! ದಿನಾ ಹೋಗುವ ಬಾಗಿಲು, ದಿನಾ ನೋಡುವ ಬೋರ್ಡು. ಎಂದಾದರೂ ಓದಿದ್ದೆನಾ? ತಿರುಗಿ ಬರುವಾಗ ಅಲೆಕ್ಸ್ ತಮ್ಮ ಛತ್ರಿ ಎತ್ತಿಕೊಂಡು ಹೊರಟಿದ್ದರು. ಆ ದಿನ ಮಳೆ ಜೋರಾಗಿಯೇ ಇತ್ತು.

"ಲೈಬ್ರರಿಗಾ?" ಎಂದೆ.

"ಹೂಂ" ಎಂದರು. ಆಮೇಲೆ ನನ್ನ ಮುಖ ನೋಡಿ, "ಅಲ್ಲಿ ಬರೀ ಟಾಯ್ಲೆಟ್ ಅಂತ ಬರೆದಿದೆ. ಇಲ್ಲಿ ಯಾವ ಬಾಗಿಲಿಗೆ ಹೋದರೂ ಯಾರಾದರೊಬ್ಬರು ನೀವು ತಪ್ಪು ಕಡೆ ಬಂದಿದ್ದೀರಿ ಅಂತಾರೆ" ಎಂದರು.

ಟಾಯ್ಲೆಟ್ಟಿಗೆ ಹೋಗಲು ಛತ್ರಿ! ಆ ಹಾಳೆಯನ್ನು ಬರೆದವರೇ! ಅದನ್ನು ಕನ್ನಡಕ್ಕೆ ತಂದು ಸಿಕ್ಕಸಿಕ್ಕವರಿಗೆಲ್ಲ ಹಂಚುತ್ತಿದ್ದ ನನಗೆ ಅದರಲ್ಲಿ ಬರೆದಿರುವುದು ಏನು ಎಂದು ಆಗಷ್ಟೇ ತಿಳಿಯಿತು.

ಗುರುವಾರ ರಫೀಕ್ ಅಂಕಲ್ ಫೋನ್ ಮಾಡಿದರು.

"ಎಲ್ಲಾ ಸರಿ ಮಾಡೀನಿ ಬೇಟಾ. ನಿಮ್ಮ ರೂಲ್ಸೂ ಆತು, ನಮ್ಮನೆಯವಳ ಮಾತೂ ಆತು. ಇನ್ಸ್‌ಪೆಕ್ಟರ್ ಬರಾಕ್ ಮುಂಚೆ ನೀನೊಂದ್ಸಲ ಬಂದು ನೋಡ್ಕಂಡು ಹೋಗು."

ಕೌಂಟರಿನವರು ಅಂಗಡಿಗೆ ಹೋಗುವ ಪದ್ಧತಿ ಇಲ್ಲ. ಆದರೆ ನಿಯಮವೂ ಉಳಿದು ಆಂಟಿಯ ಮಾತೂ ಉಳಿಯಿತು ಎಂದರೆ ನೋಡದೆ ಇರಲು ಸಾಧ್ಯವೇ? ಶುಕ್ರವಾರ ಕೆಲಸ ಮುಗಿಸಿ ಟ್ರೈನ್ ಹತ್ತಿದೆ. ಒಂದು ಕಡೆ ಸೀರೆ ಅಂಗಡಿ, ಇನ್ನೊಂದು ಕಡೆ ಹಾಲು, ಬ್ರೆಡ್ಡು ಮಾರುವ ಡೇರಿ, ನಡುವೆ ಹೊಸ ಬಣ್ಣದ ವಾಸನೆ ಹೊಡೆಯುವ ದೋಸೆ ಅಂಗಡಿ. ಅಂಕಲ್ ನನ್ನನ್ನು ನೇರ ಹಿಂದಕ್ಕೆ ಕರೆದುಕೊಂಡು ಹೋಗಿ, ಹೊಸ ಸೊಸೆಯನ್ನು ತೋರಿಸುವ ಸಂಭ್ರಮದಲ್ಲಿ ಎರಡು ಬಾಗಿಲು ತೋರಿಸಿದರು.

ಮೊದಲ ಬಾಗಿಲಿನ ಮೇಲೆ ಹಿತ್ತಾಳೆ ಬೋರ್ಡು: ಮಹಿಳೆಯರು, ಲೇಡೀಸ್. ಅದರ ಕೆಳಗೆ ನೀಲಿ ಸ್ಟಿಕ್ಕರು: ಆಲ್ ಜೆಂಡರ್ ಟಾಯ್ಲೆಟ್.

ಎರಡನೆಯ ಬಾಗಿಲಿನ ಮೇಲೆ ಪ್ಲಾಸ್ಟಿಕ್ ಬೋರ್ಡು: ಜೆಂಟ್ಸ್. ಅದರ ಕೆಳಗೆ ನೀಲಿ ಸ್ಟಿಕ್ಕರು: ಆಲ್ ಜೆಂಡರ್ ಟಾಯ್ಲೆಟ್.

ಇಂಥ ಉಪಾಯ ನಮ್ಮವರಿಗಲ್ಲದೆ ಇನ್ಯಾರಿಗೆ ಹೊಳೆಯುತ್ತದೆ ಹೇಳಿ? ಹೊಸ ಕ್ಯಾಲೆಂಡರ್ ಬಂದರೆ ಹಳೆಯದನ್ನು ತೆಗೆಯದೆ ಅದರ ಮೇಲೇ ನೇತುಹಾಕುವ ಜನ ನಾವು. ಹೊಸ ನಿಯಮ ಬಂತಾ? ಬರಲಿ, ಪಾಪ, ಹಳೆಯದರ ಪಕ್ಕದಲ್ಲೇ ಜಾಗ ಮಾಡಿಕೊಡೋಣ.

"ಅಂಕಲ್, ಈಗ ಒಬ್ಬ ಗಂಡಸು ಬಂದ ಅಂತಿಟ್ಕೊಳ್ಳಿ. ಯಾವ ಬಾಗಿಲಿಗೆ ಹೋಗಬೇಕು?"

"ಯಾವುದಕ್ಕಾದ್ರೂ ಹೋಗಬೋದು. ಆಲ್ ಜೆಂಡರ್ ಅಂತ ಹಾಕೀನಲ್ಲ."

"ಹಾಗಾದ್ರೆ ಈ ಹಿತ್ತಾಳೆ ಬೋರ್ಡಿನ ಬಾಗಿಲಿಗೂ ಹೋಗಬಹುದು?"

"ಅದಕ್ಕೆ ಹೋಗಂಗಿಲ್ಲ."

"ಅದರಲ್ಲೂ ಆಲ್ ಜೆಂಡರ್ ಅಂತಿದೆಯಲ್ಲ ಅಂಕಲ್!"

"ಐತೆ. ಆದ್ರೂ ಹೋಗಂಗಿಲ್ಲ. ಶಾಹೀನ್ ಬಿಡಲ್ಲ."

ನಾನು ಗೋಡೆಗೆ ಒರಗಿಕೊಂಡು ನಕ್ಕೆ. ಅಂಕಲ್ಲೂ ನಕ್ಕರು. ಅಡುಗೆಮನೆಯಿಂದ ಆಂಟಿ ಕೈಗಂಟಿದ ಹಿಟ್ಟು ಒರೆಸಿಕೊಳ್ಳುತ್ತ ಬಂದರು. ಅವರು ನಗಲಿಲ್ಲ.

"ನಗ್ತೀರಾ? ನಗ್ರಿ. ಬೇಟಾ, ಕೂತ್ಕೋ ಇಲ್ಲಿ. ಹೇಳ್ತೀನಿ."

ಕೂತೆ.

ಈ ದೇಶಕ್ಕೆ ಬಂದ ಹೊಸತರಲ್ಲಿ ಆಂಟಿಗೆ ಕೆಲಸ ಸಿಕ್ಕಿದ್ದು ಪೆನ್‌ರೋಸಿನ ಒಂದು ಗೋದಾಮಿನಲ್ಲಿ. ಪೆಟ್ಟಿಗೆಗಳಿಗೆ ಸಾಮಾನು ತುಂಬಿ ಟೇಪ್ ಹಚ್ಚುವ ಕೆಲಸ. ಗಂಡಸರೇ ಹೆಚ್ಚು, ಹೆಂಗಸರು ಬೆರಳೆಣಿಕೆ. ಹೆಂಗಸರ ಟಾಯ್ಲೆಟ್ ಇದ್ದದ್ದು ಲಾರಿಗಳು ಬಂದು ನಿಲ್ಲುವ ಕಡೆ, ಗೋಡೆಯ ಹಿಂದೆ, ಒಂದೇ ಒಂದು. ಗಂಡಸರು ತಮ್ಮದು ಗಲೀಜು ಎಂದು ಇದಕ್ಕೇ ಬರುತ್ತಿದ್ದರಂತೆ. ಬಾಗಿಲಿನ ಚಿಲಕ ಮುರಿದಿತ್ತು. ಹೇಳಿದರೆ, ನೋಡೋಣ, ಮಾಡಿಸೋಣ ಎನ್ನುವರು.

"ಎಂಟು ವರ್ಷ ಬೇಟಾ. ಒಂದು ಕೈ ಬಾಗಿಲ ಮೇಲೇ. ಹಿಂಗೆ." ಆಂಟಿ ಕೂತಲ್ಲೇ ಎಡಗೈ ಮುಂದೆ ಚಾಚಿ ಗಾಳಿಯನ್ನು ತಳ್ಳಿ ಹಿಡಿದು ತೋರಿಸಿದರು. "ಯಾರಾದ್ರೂ ತಳ್ಳಿದ್ರೆ ಕೂಗೋದು. ಬೆಳಿಗ್ಗೆ ಹೋದಾಗಿಂದ ಮನೆಗೆ ಬರಗಂಟ ನೀರೇ ಕುಡೀತಿರ್ಲಿಲ್ಲ. ಆವಾಗ್ಲೇ ಅನ್ಕಂಡಿದ್ದೆ. ನನ್ನದು ಅಂತ ಒಂದು ಅಂಗಡಿ ಆದ್ರೆ, ಹೆಂಗಸ್ರಿಗೆ ಅಂತಾನೇ ಒಂದು ಬಾಗಿಲು ಮಾಡಿಸ್ತೀನಿ. ಹಿತ್ತಾಳೆ ಬೋರ್ಡು ಹಾಕಿಸ್ತೀನಿ ಅಂತ."

ಅಂಕಲ್ ನೆಲ ನೋಡುತ್ತಿದ್ದರು. ಅವರಿಗೂ ಈ ಕೈಯ ವಿಷಯ ಗೊತ್ತಿರಲಿಲ್ಲ ಎಂದು ಕಾಣುತ್ತದೆ.

ನನ್ನ ಹಾಳೆ, ನನ್ನ ಉಮೇದು, ನಕ್ಕವರು ಆರು, ಕೇಳಿದವರು ಒಂಬತ್ತು, ಎಲ್ಲ ಎಲ್ಲಿಗೋ ಹೋದವು. ಈ ಹೆಂಗಸಿಗೆ ನಾನು ಯಾವ ಬಾಯಲ್ಲಿ ಬೋರ್ಡು ತೆಗೆಯಿರಿ ಎನ್ನಲಿ? ಹಾಗೆಂದು ಸುಮ್ಮನೆ ಎದ್ದು ಬರುವಂತೆಯೂ ಇಲ್ಲ. ಲೇಡೀಸ್ ಬೋರ್ಡು ಇರುವ ತನಕ ಲೈಸೆನ್ಸ್ ಇಲ್ಲ, ಲೈಸೆನ್ಸ್ ಇಲ್ಲದೆ ಓಪನಿಂಗ್ ಇಲ್ಲ. ಏನಾದರೂ ಮಾತಾಡಬೇಕಲ್ಲ ಎಂದು ಕೇಳಿದೆ:

"ಪೆನ್‌ರೋಸಿನ ಆ ಬಾಗಿಲ ಮೇಲೆ ಏನಂತ ಬರೆದಿತ್ತು ಆಂಟಿ?"

"ಏನ್ ಬರೀತಾರೆ? ಲೇಡೀ..."

ಆಂಟಿ ಅಲ್ಲಿಗೇ ನಿಲ್ಲಿಸಿದರು.

ಅಂಕಲ್ ತಲೆ ಎತ್ತಿದರು.

"ಲೇಡೀಸ್ ಅಂತಾನೇ ಇತ್ತು" ಎಂದರು ಆಂಟಿ, ತಮಗೆ ತಾವೇ ಹೇಳಿಕೊಂಡಂತೆ. "ದೊಡ್ಡ ಅಕ್ಷರದಾಗೆ ಇತ್ತು." ಹಿತ್ತಾಳೆ ಬೋರ್ಡಿನ ಕಡೆ ತಿರುಗಿದರು. "ಬೋರ್ಡಿತ್ತು ಬೇಟಾ. ಚಿಲಕ ಇರ್ಲಿಲ್ಲ."

ನೋಡಿದಿರಾ ಓದುಗರೇ? ನಾಲ್ಕು ಪುಟದ ಹಾಳೆ ಹೇಳಲಾಗದ್ದನ್ನು ಆಂಟಿ ಒಂದು ಉಸಿರಿನಲ್ಲಿ ಹೇಳಿ ಮುಗಿಸಿದ್ದರು!

"ನಿಮ್ಮ ರೂಲ್ಸ್‌ನಾಗೆ ಬೋರ್ಡಿನ ಮೇಲೆ ಏನು ಬರೀಬೋದು?" ಎಂದು ಕೇಳಿದರು.

"ಒಳಗೆ ಏನಿದೆಯೋ ಅದು."

"ಏನ್ ಬೇಕಾದ್ರೂ?"

"ಇರೋದನ್ನು ಬರೀಬಹುದು ಆಂಟಿ. ಇಲ್ಲದ್ದನ್ನು ಬರೆಯೋ ಹಾಗಿಲ್ಲ."

"ಹಂಗಾದ್ರೆ ಇರಂಗೆ ಮಾಡಾಣ" ಎಂದು ಎದ್ದರು. "ರೀ, ಸ್ಕ್ರೂಡ್ರೈವರ್ ತಗಂಬರ್ರಿ."

ಶನಿವಾರ, ಭಾನುವಾರ ಆ ಅಂಗಡಿಯಲ್ಲಿ ನಡೆದದ್ದನ್ನು ನೀವು ನೋಡಬೇಕಿತ್ತು. (ನನಗೇನು ಕೆಲಸ ಅಲ್ಲಿ ಎಂದು ಕೇಳಬೇಡಿ. ಟ್ರೈನ್ ಟಿಕೆಟ್ ನನ್ನದು, ಖುಷಿಯೂ ನನ್ನದು.) ಅಂಕಲ್ ತಮ್ಮ ಯೂಟ್ ಗಾಡಿಯಲ್ಲಿ (ಹಿಂದೆ ಸಾಮಾನು ಹೇರುವ ತೆರೆದ ಕಾರು) ಹಾರ್ಡ್‌ವೇರ್ ಅಂಗಡಿಗೆ ಹೋಗಿ ಚಿಲಕ ತಂದರು. ಆಂಟಿ ಪರೀಕ್ಷೆ ಮಾಡುವ ಕ್ರಮ ಹೀಗೆ: ಅಂಕಲ್ ಒಳಗೆ ಹೋಗಿ ಚಿಲಕ ಹಾಕಿಕೊಳ್ಳಬೇಕು, ಆಂಟಿ ಹೊರಗಿನಿಂದ ಓಡಿಬಂದು ಭುಜ ಕೊಡಬೇಕು.

ಮೊದಲ ಚಿಲಕ ಕಿತ್ತುಕೊಂಡು ಬಂತು. ಅಂಕಲ್ ಮತ್ತೆ ಗಾಡಿ ಹತ್ತಿದರು. ಎರಡನೆಯದು ಬಗ್ಗಿತು.

"ಇಲ್ಲಿ ಯಾರು ಬಂದು ಹಿಂಗೆ ಗುದ್ದುತಾರೆ ಶಾಹೀನ್? ದೋಸೆ ತಿನ್ನಾಕೆ ಬರೋರು ಅವ್ರು!"

"ನೀವು ಹೋಗಿ ತರ್ರಿ."

ಮೂರನೆಯದು ದಪ್ಪ ಉಕ್ಕಿನದು. ಆಂಟಿ ಗುದ್ದಿದರು. ಬಾಗಿಲು ಅಲ್ಲಾಡಲಿಲ್ಲ. ಒಳಗಿನಿಂದ ಅಂಕಲ್ "ಸಾಕಾ?" ಎಂದರು. ಆಮೇಲೆ ಆಂಟಿಯೇ ಒಳಗೆ ಹೋಗಿ ಚಿಲಕ ಹಾಕಿಕೊಂಡರು. ಹೊರಗೆ ನಾವಿಬ್ಬರೂ ಕಾದೆವು. ಬಾಗಿಲು ತೆರೆಯಿತು. ಆಂಟಿ ಎರಡೂ ಕೈ ಮೇಲಕ್ಕೆತ್ತಿ ಬೆರಳು ಆಡಿಸುತ್ತ ಹೊರಗೆ ಬಂದರು.

"ಎರಡೂ ಕೈ ಖಾಲಿ!"

ಅಷ್ಟು ನಕ್ಕ ಆಂಟಿಯನ್ನು ನಾನು ಅದೇ ಮೊದಲು ನೋಡಿದ್ದು.

ಅದಾದ ಮೇಲೆ ಯಾರು ಹಿಡಿಯುತ್ತಾರೆ ಅವರನ್ನು? ಬುರ್ಖಾ, ಬ್ಯಾಗು ನೇತುಹಾಕಲು ಎರಡು ಕೊಕ್ಕೆ. ಮುಚ್ಚಳದ ಕಸದಬುಟ್ಟಿ. ವಯಸ್ಸಾದವರು ಹಿಡಿದು ಏಳಲು ಕಂಬಿ. ಮತ್ತೆ ನೀರು! ಈ ದೇಶದಲ್ಲಿ ಮನೆಯಿಂದ ಹೊರಗೆ ಕಾಲಿಟ್ಟರೆ ನಮ್ಮವರ ನಿಜವಾದ ಚಿಂತೆ ಯಾವುದು? ಒಳಗೆ ಯಾರು ಹೋಗಿದ್ದರು ಎಂಬುದಾ? ಅಲ್ಲವೇ ಅಲ್ಲ. ಒಳಗೆ ಬರೀ ಪೇಪರ್ ಇದೆಯೋ, ನೀರೂ ಇದೆಯೋ ಎಂಬುದು. ಎಷ್ಟು ಅತ್ತೆ, ಚಿಕ್ಕಮ್ಮಂದಿರ ಕೈಚೀಲದಲ್ಲಿ ಖಾಲಿ ನೀರಿನ ಬಾಟಲಿ ಯಾಕಿರುತ್ತದೆ ಎಂದು ಬಿಡಿಸಿ ಹೇಳಬೇಕಾ? ಆಂಟಿ ಎರಡೂ ಕೋಣೆಗೆ ಒಂದೊಂದು ಜೆಟ್ ಸ್ಪ್ರೇ ಹಾಕಿಸಿದರು. ಪಕ್ಕದಲ್ಲಿ ಒಂದೊಂದು ಮಗ್ಗು, ಸ್ಪ್ರೇ ನಂಬದವರಿಗೆ.

ಹೊಸ ಬೋರ್ಡು ಹೀಗೆ ತಯಾರಾಯಿತು. ಎರಡೂ ಬಾಗಿಲಿಗೆ ಒಂದೇ ಥರ, ಎರಡೂ ಪ್ಲಾಸ್ಟಿಕ್ಕು. ದೊಡ್ಡದಾಗಿ ಟಾಯ್ಲೆಟ್ ಎಂದು. ಕೆಳಗೆ ಸಣ್ಣ ಚಿತ್ರಗಳ ಸಾಲು: ಕಮೋಡು, ಚಿಲಕ, ಕೊಕ್ಕೆ, ಬುಟ್ಟಿ. ಕೊನೆಯದು ಮಗ್ಗಿನ ಚಿತ್ರ. ಅದನ್ನು ಬರೆದವರು ರಫೀಕ್ ಅಂಕಲ್. ಮಗ್ಗಿನಿಂದ ನೀರು ಬೀಳುವುದು ಕಾಣಲಿ ಎಂದು ಅದಕ್ಕೊಂದು ಮೂತಿ ಇಟ್ಟಿದ್ದರು.

ಬುಧವಾರ ಇನ್ಸ್‌ಪೆಕ್ಟರ್ ಗ್ರೆಗ್ ಬಂದರು. ಆರಡಿ ಎತ್ತರ, ಇಲ್ಲೇ ಹುಟ್ಟಿ ಬೆಳೆದವರು, ಯಾವ ಕಾಲವಾದರೂ ಚಡ್ಡಿಯಲ್ಲೇ ಇರುವವರು. ನಾನು ಕೆಲಸದಲ್ಲಿದ್ದೆ, ಈ ಭಾಗ ಅಂಕಲ್ ಫೋನಿನಲ್ಲಿ ಅಭಿನಯಿಸಿ ಹೇಳಿದ್ದು. ಗ್ರೆಗ್ ಅಡುಗೆಮನೆ ನೋಡಿದರು, ಫ್ರಿಜ್ ನೋಡಿದರು, ಹಿಂದಕ್ಕೆ ಬಂದರು. ಬೋರ್ಡಿನ ಎದುರು ಬಹಳ ಹೊತ್ತು ನಿಂತರು.

"ಟೀ ಸಿಗುತ್ತಾ ಒಳಗೆ?" ಎಂದು ಕೇಳಿದರಂತೆ, ಮೂತಿ ಇದ್ದ ಮಗ್ಗನ್ನು ತೋರಿಸಿ.

ಅಂಕಲ್ಲಿಗೆ ಇಂಗ್ಲಿಷಿನಲ್ಲಿ ಹೇಗೆ ಹೇಳಬೇಕೋ ತೋಚಲಿಲ್ಲ. ಕೈಸನ್ನೆಯಲ್ಲಿ ವಿವರಿಸಿದರಂತೆ, ಪೂರ್ತಿಯಾಗಿ. ಗ್ರೆಗ್ ಕಿವಿಯ ತುದಿಯವರೆಗೆ ಕೆಂಪಾದರಂತೆ. ಆಮೇಲೆ ಒಳಗೆ ಹೋಗಿ ಚಿಲಕ ಹಾಕಿ ತೆಗೆದು, ಹಾಕಿ ತೆಗೆದು ನೋಡಿ, "ನನ್ನ ಮನೆಯ ಮುಂಬಾಗಿಲಿಗೂ ಇಂಥದ್ದಿಲ್ಲ" ಎಂದು ಸಹಿ ಹಾಕಿದರಂತೆ. ಮರುದಿನ ಲೈಸೆನ್ಸ್ ಬಂತು! ಆ ಕಾಗದವನ್ನು ಲಕೋಟೆಗೆ ಹಾಕಿದ್ದು ನಾನೇ. ಎರಡು ಸಲ ತೆಗೆದು ನೋಡಿ ಹಾಕಿದೆ.

ಶನಿವಾರ, ಮಾರ್ಚ್ 25. ಸೀರೆ ಅಂಗಡಿ ದಾಟಿ ಕ್ಯೂ. ಬೆಣ್ಣೆಯ ಘಮ ರಸ್ತೆಯಾಚೆಗೂ. ಆಕ್ಲೆಂಡಿನ ಅರ್ಧ ಕನ್ನಡಿಗರು ಅಲ್ಲೇ ಇದ್ದರೇನೋ! ರಫೀಕ್ ಅಂಕಲ್ ಕಲ್ಲಿನ ಮುಂದೆ. ಆಂಟಿ ಎಲ್ಲಿ? ಹಿಂಭಾಗದಲ್ಲಿ, ಆ ಎರಡು ಬಾಗಿಲಿನ ಎದುರು, ಮೇಜು ಒರೆಸುವ ನೆಪದಲ್ಲಿ. ಹೊರಗೆ ಬಂದವರನ್ನೆಲ್ಲ ನಿಲ್ಲಿಸಿ ಒಂದೇ ಪ್ರಶ್ನೆ.

"ಚಿಲಕ ಗಟ್ಟಿ ಇತ್ತಾ?"

ಕನ್ನಡ ಬಾರದವರಿಗೆ "ಲಾಕ್ ಓಕೆ?" ದೋಸೆ ಹೇಗಿತ್ತು ಎಂದು ಅವರು ಒಬ್ಬರನ್ನೂ ಕೇಳಿದ್ದು ನನಗೆ ಕೇಳಿಸಲಿಲ್ಲ.

ಮೈಸೂರಿನವರೊಬ್ಬರು, ಎಪ್ಪತ್ತು ದಾಟಿದ ಅಂಕಲ್, ಹೆಂಡತಿಯನ್ನು ಕರೆತಂದಿದ್ದರು. ಆಕೆಗೆ ಪಾರ್ಶ್ವವಾಯು ಆಗಿ ಒಂದು ಕಡೆ ಸ್ವಾಧೀನವಿಲ್ಲ. ಇಬ್ಬರೂ ಕೈ ಹಿಡಿದುಕೊಂಡು ನಿಧಾನವಾಗಿ ಹಿಂದಕ್ಕೆ ಬಂದರು. ಆ ಮೈಸೂರಿನ ಅಂಕಲ್ ಅಭ್ಯಾಸದಂತೆ ಬಾಗಿಲಲ್ಲಿ ನಿಂತು ಅತ್ತಿತ್ತ ನೋಡಿದರು, ಯಾರನ್ನಾದರೂ ಅಪ್ಪಣೆ ಕೇಳಬೇಕೋ ಎಂಬಂತೆ. ಬೋರ್ಡು ಓದಿದರು. ಹೆಂಡತಿಯ ಜೊತೆ ತಾವೂ ಒಳಗೆ ಹೋಗಿ ಚಿಲಕ ಹಾಕಿಕೊಂಡರು. ಹೊರಬಂದಾಗ ಆಂಟಿ ಕೇಳುವ ಮೊದಲೇ, "ಬಹಳ ಗಟ್ಟಿ ಇದೆಯಮ್ಮ. ಮುಂದಿನ ವಾರನೂ ಬರ್ತೀವಿ" ಎಂದರು.

ಅಜ್ಜಿಯರು ಹೋಗುತ್ತಾರಾ ಎಂದು ಆಂಟಿ ಕೇಳಿದ್ದರಲ್ಲ? ಲೆಕ್ಕ ಇಟ್ಟಿದ್ದೇನೆ. ಆ ಒಂದು ಬೆಳಿಗ್ಗೆ ಏಳು ಅಜ್ಜಿಯರು. ಅದರಲ್ಲೊಬ್ಬರು ಎರಡು ಸಲ.

ಅಲೆಕ್ಸ್ ಕೂಡ ಬಂದಿದ್ದರು, ಛತ್ರಿ ಇಲ್ಲದೆ. ಮಸಾಲೆ ತಿಂದರು, ಕಣ್ಣೊರೆಸಿಕೊಂಡರು (ಚಟ್ನಿಯ ಖಾರ), ಹಿಂದಕ್ಕೆ ಹೋದರು, ಬಂದರು.

"ಲಾಕ್ ಓಕೆ?"

"ಆಕ್ಲೆಂಡಿನಲ್ಲೇ ಬೆಸ್ಟ್" ಎಂದರು ಅಲೆಕ್ಸ್.

ಆಂಟಿ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು. "ಇವ್ರು ಹುಡುಗಾನಾ ಹುಡುಗೀನಾ?"

"ಎರಡೂ ಅಲ್ವಂತೆ ಆಂಟಿ."

ಆಂಟಿ ಅಲೆಕ್ಸ್ ಕಡೆ ಒಮ್ಮೆ ನೋಡಿದರು. ಎರಡು ಬಾಗಿಲಿನ ಕಡೆ ಒಮ್ಮೆ ನೋಡಿದರು. "ಇಲ್ಲಿಗಂಟ ಎಲ್ಲಿಗೆ ಹೋಗ್ತಿದ್ರು ಪಾಪ?"

"ಲೈಬ್ರರಿಗೆ. ಮಳೆ ಬಂದ್ರೆ ಛತ್ರಿ ಹಿಡ್ಕೊಂಡು."

ಆಂಟಿಯ ಎಡಗೈ ತಾನಾಗಿ ಮುಂದಕ್ಕೆ ಚಾಚಿ, ಅರ್ಧಕ್ಕೆ ನಿಂತು, ಕೆಳಗಿಳಿಯಿತು. ಅವರು ಅಡುಗೆಮನೆಯ ಕಡೆ ತಿರುಗಿ ಕೂಗಿದರು: "ರೀ, ಇಲ್ಲೊಂದು ಖಾಲಿ ದೋಸೆ ಹಾಕ್ರಿ! ಬೆಣ್ಣೆ ಮ್ಯಾಲೆ ಬೆಣ್ಣೆ!"

ಹಿತ್ತಾಳೆ ಬೋರ್ಡು ಏನಾಯಿತು ಎಂದು ಕೇಳುತ್ತೀರಿ. ದಾವಣಗೆರೆಯಿಂದ ಬಂದದ್ದನ್ನು ಬಿಸಾಡುತ್ತಾರಾ? ಅಡುಗೆಮನೆಯ ಪಕ್ಕ ಒಂದು ಪುಟ್ಟ ಕೋಣೆ ಇದೆ. ಒಂದು ಕುರ್ಚಿ, ಒಂದು ಫ್ಯಾನು, ಆಂಟಿಯ ಚಹಾ ಫ್ಲಾಸ್ಕು. ಆ ಬಾಗಿಲಿನ ಮೇಲೆ ಬಳ್ಳಿ, ಹೂವಿನ ಸಮೇತ ಹೊಳೆಯುತ್ತಿದೆ. ನಾನಿದ್ದಾಗಲೇ ರಫೀಕ್ ಅಂಕಲ್ ಚಿಲ್ಲರೆ ಬೇಕೆಂದು ಅಲ್ಲಿಗೆ ನುಗ್ಗಲು ಹೋಗಿ, ಬೋರ್ಡು ನೋಡಿ, ನಿಂತು, ಬಾಗಿಲು ತಟ್ಟಿದರು.

ಇನ್ನು ನಮ್ಮ ಕಚೇರಿ. ಸೋಮವಾರ ನಾನು ಮ್ಯಾನೇಜರ್ ಹತ್ತಿರ ಹೋಗಿ, ನಾವು ಊರಿಗೆಲ್ಲ ಹಂಚುವ ಹಾಳೆಯ ಒಂದು ಪ್ರತಿಯನ್ನು ನಮಗೂ ಕೊಡಬಹುದಾ ಎಂದು ಕೇಳಿದೆ. ಅವರು ನಕ್ಕರು. ನಕ್ಕದ್ದಷ್ಟೇ ಅಲ್ಲ, ಕೆಲಸವೂ ಆಯಿತು! ಗುರುವಾರ ಬೆಳಿಗ್ಗೆ ಬಂದು ನೋಡಿದರೆ ಎರಡೂ ಬಾಗಿಲಿಗೆ ಹೊಸ ಬೋರ್ಡು, ಅಚ್ಚ ಬಿಳಿ, ಟಾಯ್ಲೆಟ್ ಎಂದು. ಅಲೆಕ್ಸ್ ಛತ್ರಿಯನ್ನು ಮೇಜಿನ ಕೆಳಗೇ ಬಿಟ್ಟು ಎದ್ದು ಹೋದರು. ನಾನು ಲೆಕ್ಕದ ಪುಟದಲ್ಲಿ ದಿನಾಂಕ ಬರೆದು ಕೆಳಗೆ ಗೆರೆ ಎಳೆಯಲು ಹೊರಟಿದ್ದೆ.

ಎರಡೇ ನಿಮಿಷಕ್ಕೆ ಅಲೆಕ್ಸ್ ಬಂದರು. ಎಡಗೈಯನ್ನು ಮುಂದೆ ಚಾಚಿ, ಗಾಳಿಯನ್ನು ತಳ್ಳಿ ಹಿಡಿದು ತೋರಿಸಿದರು.

ಬೋರ್ಡು ಬದಲಾಗಿದೆ, ಚಿಲಕ ಇನ್ನೂ ಸಡಿಲ: ದೊಡ್ಡ ಕಚೇರಿಯೊಂದರಲ್ಲಿ ಇದನ್ನು ಯಾರಿಗೆ ಹೇಳಿದರೆ ಸರಿಹೋಗುತ್ತದೆ ಎಂದು ಗೊತ್ತಿರುವವರು ದಯವಿಟ್ಟು ನನಗೆ ಬರೆದು ತಿಳಿಸಿ.